ಅರ್ಧ, ಅರ್ಧದ ಅರ್ಧ

ನೆಲ್ಲಿಕಾಯಿ ರಸ್ತೆಯ ಮಹಡಿಯಲ್ಲಿ
ಪುತ್ತುಬಾವ ಹಾಜಿಯವರ ಕಂಪ್ಯೂಟರು
ಖಾಲಿ ಮಾಸಿನ ಪೆಟ್ಟಿಗೆಯ ಮೇಲೆ ಕೂತು ಹದಿನೇಳು ವರ್ಷ.
ಬೆಳಿಗ್ಗೆ ಮೈಲ್ ತೆರೆಯುತ್ತದೆ, ಬಿಳಿಚುತ್ತದೆ,
ಕಂಡಿಯಿಂದ ಸಾಲ ಕೊಟ್ಟವನನ್ನು ಕಂಡವರ ಹಾಗೆ
ತಟ್ಟನೆ ಮುಚ್ಚಿಕೊಳ್ಳುತ್ತದೆ.

"ಎಂತದು ಲವೀನಾ, ಇದಕ್ಕೆ ಮೂರ್ಛೆರೋಗವಾ?"

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ:
ಆರಿಸಿ, ಹೊತ್ತಿಸಿದೆ.
ಕ್ಯಾಬಿನೆಟ್ ಬಿಚ್ಚಿದೆ. ಫ್ಯಾನಿನ ರೆಕ್ಕೆಗೆ
ಉಪ್ಪುಗಾಳಿ ಅಂಟಿಸಿದ ಜಿಡ್ಡು, ಒಂದು ಲವಂಗ,
ಹಲ್ಲಿಯದ್ದು ಬಾಲ ಮಾತ್ರ.
ರ‍್ಯಾಮಿನ ಹೊಂಬಣ್ಣದ ಹಲ್ಲುಗಳನ್ನು
ಅವರ ಮೊಮ್ಮಗಳ ರಬ್ಬರಿನಲ್ಲಿ ಉಜ್ಜಿದೆ.
ಸೇಫ್ ಮೋಡಿನಲ್ಲಿ ತೆರೆದೆ. ಬಿಳಿಚಿತು.
ಹೊಸ ಪ್ರೊಫೈಲು ಮಾಡಿದೆ. ಖಾಲಿ, ಹಾಗಾಗಿ ಆರೋಗ್ಯ.
ಹಳೆಯ ಮೈಲು ಒಳಗೆ ಬಿಟ್ಟೆ. ಬಿಳಿಚಿತು.

ಹೊಸತು ತಗೊಳ್ಳಿ ಹಾಜಿಯವರೇ, ಅಂದೆ.
ಅವರು ಕಿಟಕಿಯತ್ತ ಗದ್ದ ತಿರುಗಿಸಿದರು.
ಧಕ್ಕೆಯಲ್ಲಿ ತಾಡಪಾಲು ಹೊದ್ದ ಮಂಜಿಗಳು;
ಸೆಪ್ಟೆಂಬರಿನ ವರೆಗೆ ದ್ವೀಪಕ್ಕೆ ದಾರಿಯಿಲ್ಲ.
"ಅದರಲ್ಲೊಂದು ನನ್ನ ಮದುವೆಗಿಂತ ಹಳತು.
ಹಲಗೆ ಬದಲಾಯಿಸುತ್ತೇವೆ, ಮಂಜಿಯನ್ನಲ್ಲ."

ಸರಿ. ಹಾಗಾದರೆ ಹಲಗೆ ಹುಡುಕಬೇಕು.

ಹನ್ನೊಂದು ಸಾವಿರದ ಆರುನೂರ ನಲವತ್ತೆಂಟು ಮೈಲು.
ಅರ್ಧ ಬೇರೆ ಫೋಲ್ಡರಿಗೆ. ತೆರೆದೆ. ಬೀಳಲಿಲ್ಲ.
ಅಂದರೆ ಹುಳ ಇನ್ನರ್ಧದಲ್ಲಿ. ಅದನ್ನೂ ಸೀಳಿದೆ.
ಮತ್ತೆ ಸೀಳಿದೆ.
ಕಾಯುವಾಗ ಕಣ್ಣಿಗೆ ಬಿದ್ದದ್ದು ವಿಷಯದ ಸಾಲುಗಳು:
ಕವರತ್ತಿ: ಕುಚ್ಚಲಕ್ಕಿ ನಲವತ್ತು ಮೂಟೆ.
ಆಂದ್ರೋತ್: ಸಿಮೆಂಟು, ಜಲ್ಲಿ, ಮತ್ತೆ ಜಲ್ಲಿ.
ಕಿಲ್ತಾನ್: ಹಂಚು ಒಡೆದು ಬಂದಿದೆ, ಲೆಕ್ಕ ಸರಿಮಾಡಿ.
ಚೆತ್ಲತ್: ಆಡು ಆರು, ಒಂದು ದಾರಿಯಲ್ಲೇ ಈದಿದೆ,
ಮರಿಗೆ ಬಾಡಿಗೆ ಕೊಡುವುದಿಲ್ಲ.
ಮರಳಿನ ಊರುಗಳು ಈ ಪರದೆಯೊಳಗೆ
ಮೂಟೆಯ ಮೇಲೆ ಮೂಟೆ ಇಟ್ಟು ಎದ್ದು ನಿಂತಿದ್ದವು.

ಚಾ ಬಂತು. ಏಳುನೂರ ಇಪ್ಪತ್ತೆಂಟು.
ಅಸರ್ ಬಾಂಗು. ತೊಂಬತ್ತೊಂದು.
ಕರೆಂಟು ಹೋಯಿತು, ಯುಪಿಎಸ್ ಕೋಳಿಮರಿಯಂತೆ ಕೂಗಿತು,
ಇಬ್ಬರೂ ಉಸಿರು ಹಿಡಿದೆವು.
ಬಂತು. ಇಪ್ಪತ್ತಮೂರು. ಹನ್ನೆರಡು. ಮೂರು.
ಒಂದು.

ಕಳಿಸಿದವರ ಹೆಸರಿಲ್ಲ. ವಿಷಯವಿಲ್ಲ.
ತಾರೀಕು: ಸಾವಿರದ ಒಂಬೈನೂರ ಎಪ್ಪತ್ತು, ಜನವರಿ ಒಂದು.
"ಆಗ ಈ ಕುರ್ಚಿಯಲ್ಲಿ ನನ್ನ ತಂದೆ. ಮಸಿಕುಡಿಕೆ ಇತ್ತು."
ತಾರೀಕು ಹಾಳಾದರೆ ಯಂತ್ರ ಅಲ್ಲಿಗೇ ಓಡುತ್ತದೆ, ಅಂದೆ,
ದಾರಿ ತಪ್ಪಿದ ಎಮ್ಮೆ ಹಳೆಯ ಹಟ್ಟಿಗೆ ಹೋದ ಹಾಗೆ.

ಅಳಿಸಿದರೆ ಮುಗಿಯಿತು. ಬೆರಳು ಕೀಲಿಯ ಮೇಲೆ.
"ತಾಳು. ಯಾರದ್ದೋ ಸಾಮಾನಿನ ಪಟ್ಟಿಯಾದರೆ?"

ನೋಟ್‌ಪ್ಯಾಡಿನಲ್ಲಿ ಬಿಚ್ಚಿದೆ. ಚೌಕ, ಪ್ರಶ್ನೆ, ಚೌಕ,
ಪುಟಗಟ್ಟಲೆ ಕಸ,
ನಡುವೆ, ಇಂಗ್ಲಿಷ್ ಅಕ್ಷರದ ಮಲೆಯಾಳದಲ್ಲಿ,
ನೆನೆಯದೆ ಉಳಿದ ಒಂದು ಸಾಲು:
ತೊಟ್ಟಿಲು ಒಂದು. ಹಲಸಿನ ಮರದ್ದು. ಬೇಗ.

ಹಾಜಿಯವರು ಕನ್ನಡಕ ಒರೆಸಿ ಮತ್ತೆ ಓದಿದರು.
ಕಪಾಟಿನಿಂದ ಲೆಡ್ಜರುಗಳು ಇಳಿದವು, ಸೀನಿದೆವು.
ಮಂಚ ಉಂಟು, ಬಾಗಿಲು ಉಂಟು, ಮಯ್ಯತ್ತಿನ ಬಟ್ಟೆ ಉಂಟು,
ತೊಟ್ಟಿಲು ಇಲ್ಲ.
"ಕಳಿಸಲಿಲ್ಲ ನಾವು."
ಆ ಮಗುವಿಗೆ ಈಗ ಮೀಸೆ ಬಂದಿರಬಹುದು, ಅಂದೆ.
"ಬಂದಿರಲಿ. ಬಾಕಿ ಬಾಕಿಯೇ."
ಈ ವರ್ಷದ ಪುಸ್ತಕದಲ್ಲಿ ಬರೆದರು, ಹೆಸರಿಗೆ ಜಾಗ ಬಿಟ್ಟು.

ಆ ಒಂದನ್ನು ಪೆನ್‌ಡ್ರೈವಿಗೆ ಇಳಿಸಿ ಅವರ ಮುಷ್ಟಿಗೆ ಕೊಟ್ಟೆ.
ಉಳಿದವನ್ನೆಲ್ಲ ಒಟ್ಟು ಮಾಡಿ ತೆರೆದೆ.
ಬೀಳಲಿಲ್ಲ.
ಇನ್ನೂರು ರೂಪಾಯಿ ಹೆಚ್ಚೇ ಕೊಟ್ಟರು, ಯಾಕೆಂದು ಹೇಳಲಿಲ್ಲ.

ಮೆಟ್ಟಲಿಳಿಯುವಾಗ ಫೋನಿನಲ್ಲಿ ಅವರ ದನಿ:
"ಹಲಸಿನ ಹಲಗೆ ಉಂಟಾ? ಒಣಗಿದ್ದು ಬೇಕು.
ಅಳತೆಯಾ?
ಅಳತೆ ಹೇಳಲಿಲ್ಲ ಅವರು."