ಒಂದಕ್ಕೆ ಎಂಬತ್ತೇಳು

ಮೊದಲು ಹೋದದ್ದು ಚಹಾ ಸೋಸುವ ಜರಡಿ.
ಆಮೇಲೆ ನನ್ನ ನೈಲಾನ್ ಕಾಲುಚೀಲ, ಒಂದೇ ಕಾಲಿನದು.
ಕೇಳಿದರೆ, ಒಲೆಯ ಬೂದಿ ಸಾಣಿಸುವುದಕ್ಕೆ ಇಷ್ಟು ನಯವಾದದ್ದು
ಇಡೀ ಓಸ್ಟ್ರಾವಾದಲ್ಲಿ ಇಲ್ಲ ಅಂದರು ಇವರು.

ಮೂವತ್ತೊಂದು ವರ್ಷ ರಸ್ತೆ ಹಾಕಿದ ಮನುಷ್ಯ,
ಕುದಿಯುವ ಡಾಂಬರು, ರೋಲರು, ಚಳಿಗೆ ಒಡೆದ ಅಂಗೈ.
ಈಗ ಅಡುಗೆಮನೆ ಮೇಜಿನ ಮೇಲೆ
ಮೊಳದುದ್ದದ ರಸ್ತೆ, ಉಸಿರು ಬಿಗಿಹಿಡಿದು.

ಟ್ರಾಮ್ ಡಿಪೋದ ಮ್ಯೂಸಿಯಮ್ಮಿನವರು ಕೇಳಿದ್ದು
ಲಿಪೊವಾ ಬೀದಿ. ಅದು ಈಗಿಲ್ಲ.
ಅಡಿಯ ಕಲ್ಲಿದ್ದಲು ತೆಗೆದೂ ತೆಗೆದೂ
ನೆಲ ಕುಸಿದು, ಮನೆಗಳು ಕುಡಿದವರ ಹಾಗೆ ಒಂದರ ಮೇಲೊಂದು ವಾಲಿ
ಕೊನೆಗೆ ಬುಲ್ಡೋಜರು ಬಂತು.
ಬರ್ಚ್ ಮರ ಬೆಳೆದಿವೆ ಅಲ್ಲಿ. ನರಿಗಳೂ ಇವೆಯಂತೆ.

ಮರಳು ಹಾಕಬಾರದೇ ಅಂದೆ.
"ಒಂದು ಕಾಳು ಮರಳು ಇಲ್ಲಿ ಆಲೂಗೆಡ್ಡೆ ಕಣೇ,
ಟ್ರಾಮು ಹಳಿ ತಪ್ಪುತ್ತೆ."
ಜಿಪ್ಸಮ್ ಕಲಸಿ, ಬೂದಿ ಉದುರಿಸಿ, ಅಂಟುನೀರು ಚಿಮುಕಿಸಿ,
ನಡುವೆ ತುಸು ಉಬ್ಬು, ಅಂಚಿಗೆ ಇಳಿಜಾರು.
"ನೀರು ಹರಿದುಹೋಗಬೇಕಲ್ಲ."
ಇದರ ಮೇಲೆ ಮಳೆ ಬರುವುದಿಲ್ಲ ಅಂತ
ನಾನು ಹೇಳಲಿಲ್ಲ.

ಡಾಂಬರು ಕಪ್ಪಲ್ಲವಂತೆ. ಕಪ್ಪು ಮೊದಲ ವಾರ ಮಾತ್ರ.
ಆಮೇಲೆ ಇಲಿಯ ಬೆನ್ನು, ಹಳೇ ಸೀಸ, ತೊಳೆದ ಸ್ಲೇಟು,
ಚಕ್ರ ಉಜ್ಜಿದ ಕಡೆ ಮಿರುಗು,
ಬಸ್ಸು ಕಾಯುವ ಕಡೆ ಎಣ್ಣೆಯ ಜಿಡ್ಡು.
ಬೂದು ಅನ್ನುವುದು ಒಂದೇ ಬಣ್ಣವಲ್ಲ ಅಂತ
ಮದುವೆಯಾಗಿ ನಲವತ್ತಾರು ವರ್ಷಕ್ಕೆ ನನಗೆ ತಿಳಿಯಿತು.

ಬಿರುಕನ್ನು ಚಾಕುವಿನಿಂದ ಕೊರೆಯಲಿಲ್ಲ. ಕೊರೆದ ಬಿರುಕು ಸುಳ್ಳು ಹೇಳುತ್ತೆ.
ಹಸಿ ಇರುವಾಗಲೇ ಅಡಿಗೆ ಬೆಂಕಿಕಡ್ಡಿಗಳ ಸಾಲು ಇಟ್ಟಿದ್ದರು.
ಒಣಗಿದ ಮೇಲೆ, ಒಂದು ರಾತ್ರಿ,
ನಡುವಿನದನ್ನು ಎಳೆದುಬಿಟ್ಟರು.
ಟಪ್.
ಗಣಿ ಮಾಡಿದ್ದೂ ಇಷ್ಟೇ.

ಆಮೇಲೆ ಬೇಕರಿಯ ಎದುರು ಒಂದು ತೇಪೆ.
ಎಪ್ಪತ್ತೊಂಬತ್ತರ ನವೆಂಬರು, ನೀರಿನ ಪೈಪು ಒಡೆದ ಸಂಜೆ,
ಲಾರಿಯಲ್ಲೇ ತಣ್ಣಗಾದ ಡಾಂಬರು, ಮೇಲೆ ಜಡಿಮಳೆ.
"ಹಾಕಿಬಿಡು ಬೊಹುಮೀರ್," ಅಂದನಂತೆ ಮೇಸ್ತ್ರಿ ಒಲ್ದ್ರಿಖ್,
"ಮೇ ತಿಂಗಳಲ್ಲಿ ಸರಿಮಾಡೋಣ."
ಹನ್ನೊಂದು ಮೇ ಬಂದುಹೋದವು.
ಆ ತೇಪೆಗೆ ಇವರು ಒಂಬತ್ತು ದಿನ ತೆಗೆದುಕೊಂಡರು.
ಅಸಲಿಗೆ ಹಿಡಿದದ್ದು ನಲವತ್ತು ನಿಮಿಷ.

ಮ್ಯೂಸಿಯಮ್ಮಿನ ಹುಡುಗಿ ಮುಖ ಸಿಂಡರಿಸಿದಳು:
"ಇದೊಂದನ್ನು ನಯ ಮಾಡಬಹುದಿತ್ತು."
ಇವರಿಗೆ ಆಗ ಕಿವಿ ಕೇಳಿಸಲಿಲ್ಲ.

ಉದ್ಘಾಟನೆಯ ದಿನ ಜನ ಟ್ರಾಮು ನೋಡಿದರು,
ಬೆರಳುಗುರಿನಷ್ಟರ ಬೇಕರಿ ಬೋರ್ಡು ಓದಿದರು.
ರಸ್ತೆಯನ್ನು ಯಾರು ನೋಡುತ್ತಾರೆ?
ಎಂಬತ್ತರ ಆಸುಪಾಸಿನ ಯಾರ್ಮಿಲಾ ಶೆಬೆಸ್ತೊವಾ ನೋಡಿದಳು,
ಗಾಜಿಗೆ ಮೂಗು ಒತ್ತಿ.
"ಅಯ್ಯೋ, ಇದೇ! ಇದೇ ಗುಂಡಿ!
ಸೈಕಲ್ಲು, ಎರಡು ಡಜನ್ ಮೊಟ್ಟೆ, ನನ್ನ ಮುಂದಿನ ಹಲ್ಲು!
ಹಾಕಿದವನ ಕೈಗೆ ಹುಳ ಬೀಳ!"

ಇವರು ಎರಡೂ ಕೈ ಜೇಬಿಗೆ ಇಳಿಸಿದರು.
ಮುಖದಲ್ಲಿ ಮಾತ್ರ ನಮ್ಮ ಮದುವೆಯ ದಿನದ ಗೆಲುವು.
ಅವಳು ಹೊರಡುತ್ತಾ ತಿರುಗಿ ಅಂದಳು:
"ಆದರೆ ಇನ್ನೂ ಆಳ ಇತ್ತಪ್ಪ. ಒಂದು ಗೇಣು."

ಸ್ಟಾಪಿನವರೆಗೆ ಮಾತಿಲ್ಲ. ತುಟಿ ಮಾತ್ರ ಆಡುತ್ತಿತ್ತು,
ಗೇಣನ್ನು ಎಂಬತ್ತೇಳರಿಂದ ಭಾಗಿಸುತ್ತಾ.
"ಎರಡು ಮಿಲಿಮೀಟರು, ಮೇಲೆ ಚಿಲ್ಲರೆ," ಅಂದರು.
ಬಂದ ಟ್ರಾಮನ್ನು ಬಿಟ್ಟು ವಾಪಸು ನಡೆದರು.

ಕಾವಲುಗಾರ ಬಾಗಿಲು ಹಾಕುತ್ತಿದ್ದ. ಏನು ಹೇಳಿದರೋ,
ಗಾಜಿನ ಪೆಟ್ಟಿಗೆ ಎತ್ತಿಹಿಡಿದ ಪುಣ್ಯಾತ್ಮ.
ನನ್ನ ಹೇರ್‌ಪಿನ್ನು ಕೇಳಿ, ಬಗ್ಗಿ,
ತಮ್ಮ ಹಳೇ ತಪ್ಪನ್ನು ಸರಿಯಾದ ಆಳಕ್ಕೆ ಅಗೆದರು.

ಆ ಪಿನ್ನೂ
ನನಗೆ ವಾಪಸು ಬರಲಿಲ್ಲ.