ಕುಲಾವಿ

ಗಾಜಿನ ಪೆಟ್ಟಿಗೆ ತಂದದ್ದು ಬುಧವಾರ,
ಎಂಟನೇ ನಂಬರಿನ ಟ್ರಾಮಿನಲ್ಲಿ, ತೊಡೆಯ ಮೇಲಿಟ್ಟುಕೊಂಡು.
ಅವತ್ತು ನನಗೆ ರಜೆ. ಓಡಿಸುತ್ತಿದ್ದವನು ಲುಮೀರ್,
ಕನ್ನಡಿಯಲ್ಲೇ ನೋಡಿ ಕೇಳಿದ: ಮೀನಾ?
ಅಲ್ಲ ಅಂದೆ. ಉಳಿದದ್ದು ಹೇಳಲಿಲ್ಲ.

ಐವತ್ತೊಂದನೇ ವಯಸ್ಸಿಗೆ ಮೊದಲ ಸಾಕುಪ್ರಾಣಿ.
ನಾಯಿಗೆ ಹೊತ್ತುಹೊತ್ತಿಗೆ ಬಾಗಿಲು ತೆರೆಯಬೇಕು,
ನನಗೋ ಇವತ್ತು ಬೆಳಗಿನ ಪಾಳಿ, ನಾಳೆ ನಡುರಾತ್ರಿಯದು.
ಬೆಕ್ಕು ಮುಖ ನೋಡುತ್ತದೆ, ತಪ್ಪು ಹುಡುಕುವಂತೆ.
ಟರಾಂಟುಲಾ ಹತ್ತು ದಿನ ಉಣ್ಣದಿದ್ದರೂ ದೂರುವುದಿಲ್ಲ,
ಕರೆದರೆ ಬರುವುದಿಲ್ಲ,
ಕರೆಯದಿದ್ದರೆ ನೊಂದುಕೊಳ್ಳುವುದೂ ಇಲ್ಲ.

ತಮ್ಮ ರಾದಿಮ್, ಮೂಲೆಯ ಜೇಡಕ್ಕೆ
ಇವತ್ತಿಗೂ ಚಪ್ಪಲಿ ಎತ್ತುವವನು,
ಒಂದೇ ಷರತ್ತು ಹಾಕಿದ: ಅಡುಗೆಮನೆಯಲ್ಲಿ ಬೇಡ.
ಸ್ವಲ್ಪ ಹೊತ್ತಾದಮೇಲೆ ಇನ್ನೊಂದು:
ಅದಕ್ಕೆ ಅಮ್ಮನ ಹೆಸರಿಡಬೇಡ.

ತೆಂಗಿನ ನಾರಿನ ಪುಡಿ ಇಟ್ಟಿಗೆಯ ಹಾಗೆ ಬಂತು, ಒಣಗಿ, ಗಟ್ಟಿ.
ಬಕೆಟ್ಟಿನ ಬಿಸಿನೀರಿಗೆ ಹಾಕಿದೆ.
ಉಸಿರೆಳೆದುಕೊಂಡು ಉಬ್ಬುತ್ತಾ
ಓಸ್ತ್ರವಾದ ನಾಲ್ಕನೇ ಮಹಡಿಯ ಬಚ್ಚಲಿಗೆ
ನಾನು ಕಾಣದ ಯಾವುದೋ ಕರಾವಳಿಯ ವಾಸನೆ ಹಿಡಿಸಿತು.
ಎರಡು ಕೈಯಲ್ಲಿ ಹಿಂಡಿದೆ.
ಬಿಗಿದರೆ ನೀರು ತೊಟ್ಟಿಕ್ಕಬಾರದು, ಬಿಟ್ಟರೆ ಉದುರಬಾರದು.
ಮುಕ್ಕಾಲು ಪೆಟ್ಟಿಗೆ ತುಂಬಬೇಕು, ಒತ್ತಿ ಒತ್ತಿ,
ಯಾಕೆಂದರೆ ಅದಕ್ಕೆ ಎತ್ತರವೇ ಮೃತ್ಯು:
ಒಂದು ಮೊಳ ಮೇಲಿಂದ ಬಿದ್ದರೂ
ಹೊಟ್ಟೆ ಬಿರಿದುಹೋದೀತಂತೆ, ಕಳಿತ ಹಣ್ಣಿನ ಹಾಗೆ.
ಅಷ್ಟು ಭಯ ಹುಟ್ಟಿಸುವುದು
ಇಷ್ಟು ಮೆತ್ತಗೆ.

ಅಡಗಲು ಬೆಂಡಿನ ತೊಗಟೆಯ ಅರ್ಧ ಕೊಳವೆ.
ನೀರಿಗೆ ಸಾಸಿವೆ ಬಾಟಲಿಯ ಮುಚ್ಚಳ.
ದೀಪ ಬೇಡ, ಹೀಟರ್ ಬೇಡ,
ನಾವು ಸ್ವೆಟರಿಲ್ಲದೆ ಕೂರುವಷ್ಟು ಬೆಚ್ಚಗಿದ್ದರೆ ಸಾಕು.
ಗಣಿಯ ಕಸದ ಗುಡ್ಡ ಇನ್ನೂ ಒಳಗೊಳಗೇ ಉರಿಯುತ್ತದೆ,
ಅದರ ನೆತ್ತಿಯಲ್ಲಿ ಹಿಮ ನಿಲ್ಲುವುದಿಲ್ಲ.
ಅಲ್ಲಿ ಬಿಟ್ಟರೂ ಬದುಕೀತು, ಅಂದ ರಾದಿಮ್,
ಬಿಟ್ಟುಬರುವ ಆಸೆಯಿಂದ.

ಶನಿವಾರ ಓಪಾವಾ ಊರಿಗೆ, ಹಿನೆಕ್ ಅನ್ನುವ ಹುಡುಗನ ಗ್ಯಾರೇಜಿಗೆ.
ಇನ್ನೂರು ಜೀವ, ಸದ್ದು ಮಾತ್ರ ಫ್ರಿಜ್ಜಿನದು.
ಪೆಟ್ಟಿಗೆಯ ಫೋಟೋ ತೋರಿಸಿದೆ.
ಅವನು ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು.
ಪುಟ್ಟ ಡಬ್ಬಿಯೊಂದನ್ನು ಬೆಳಕಿಗೆ ಹಿಡಿದ:
ಕಾಲೆಲ್ಲ ಸೇರಿಸಿದರೂ ಹೆಬ್ಬೆರಳ ಉಗುರಿಗಿಂತ ಚಿಕ್ಕದು.
ಮೆಕ್ಸಿಕೋದ ಕೆಂಪು ಮಂಡಿಯ ಜಾತಿಯಂತೆ.
ಮಂಡಿ ಇನ್ನೂ ಕೆಂಪಾಗಿರಲಿಲ್ಲ.

ಇದನ್ನು ನಿಮ್ಮ ಅರಮನೆಯಲ್ಲಿ ಬಿಟ್ಟರೆ, ಅಂದ,
ಹುಳ ಒಂದು ಮೂಲೆ, ಇದು ಒಂದು ಮೂಲೆ, ಹಸಿದೇ ಸಾಯುತ್ತದೆ.
ಮೊದಲ ವರ್ಷಕ್ಕೆ ಗುಳಿಗೆ ಡಬ್ಬಿ ಸಾಕು.
ನಿಮ್ಮ ಪೆಟ್ಟಿಗೆಗೆ ತಕ್ಕಷ್ಟಾಗಲು ಐದು ವರ್ಷ, ಆರು.
ಗಂಡಾದರೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.
ಹೆಣ್ಣಾದರೆ ಇಪ್ಪತ್ತೈದು.
ಇದು ಯಾವುದು ಅಂದೆ.
ಡಬ್ಬಿ ಕೆಳಗಿಟ್ಟ. ಈಗಷ್ಟೇ ಪೊರೆ ಬಿಟ್ಟಿದೆ,
ಮೈ ಗಟ್ಟಿಯಾಗಲಿ, ಮುಂದಿನ ಶನಿವಾರ ಬನ್ನಿ.

ವಾಪಸು ರೈಲಿನಲ್ಲಿ ಬೆರಳು ಮಡಚಿದೆ.
ಐವತ್ತೊಂದಕ್ಕೆ ಇಪ್ಪತ್ತೈದು.
ಟಿಕೆಟ್ಟಿನ ಹಿಂದೆ ಬರೆಯತೊಡಗಿದೆ, ನಾನಿಲ್ಲದಿದ್ದರೆ:
ಅಂಗಾತ ಮಲಗಿ ಕಾಲು ಮೇಲೆತ್ತಿದ್ದರೆ ಸತ್ತಿಲ್ಲ,
ಪೊರೆ ಬಿಡುತ್ತಿದ್ದಾಳೆ. ಮುಟ್ಟಬೇಡಿ, ಊದಬೇಡಿ.
ಒಳಗೆ ಹುಳವಿದ್ದರೆ ತೆಗೆಯಿರಿ,
ಆ ಹೊತ್ತು ಅದೇ ಇವಳನ್ನು ಕಚ್ಚೀತು.
ಸಿಟ್ಟು ಬಂದರೆ ಹಿಂಗಾಲಲ್ಲಿ ಹೊಟ್ಟೆಯ ರೋಮ ಉಜ್ಜಿ ತೂರುತ್ತಾಳೆ,
ಮುಖ ದೂರವಿಡಿ.
ಯಾರಿಗೆ ಅನ್ನುವಲ್ಲಿ ಜಾಗ ಬಿಟ್ಟೆ.
ಅವಳು ಅಂತ ಯಾವಾಗ ಬರೆದೆನೋ.

ಕೂಸು ಹುಟ್ಟುವ ಮುನ್ನ ಕುಲಾವಿ ಅನ್ನುತ್ತಾರೆ.
ಹೊಲಿದಾಗಿದೆ, ಬಿಚ್ಚುವುದಕ್ಕಾಗುತ್ತದೆಯೇ.
ಖಾಲಿ ಪೆಟ್ಟಿಗೆ ಕಪಾಟಿನ ಮೇಲಿದೆ.
ಒಂದು ಮೂಲೆಗೆ ಆಗಾಗ ನೀರು ಹನಿಸುತ್ತೇನೆ,
ಮಣ್ಣಿಗೂ ರೂಢಿಯಾಗಲಿ.

ನಿನ್ನೆ ಪಾಳಿ ಮುಗಿಸಿ ಬಂದರೆ
ರಾದಿಮ್ ತನ್ನ ಬಿಪಿ ಗುಳಿಗೆಯ ಡಬ್ಬಿ ಖಾಲಿ ಮಾಡಿ
ಒಲೆಯಲ್ಲಿ ಸೂಜಿ ಕಾಯಿಸುತ್ತಿದ್ದ.
ತೂತು ಎಷ್ಟಿರಬೇಕು?
ಅದರ ತಲೆ ತೂರದಷ್ಟು.
ತಲೆ ಎಷ್ಟಿದೆ?
ಪೇಪರಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟೆ.
ಕನ್ನಡಕ ಹುಡುಕಿ ಹಾಕಿಕೊಂಡು
ಬಹಳ ಹೊತ್ತು ಬಗ್ಗಿ ನೋಡಿದ,
ಹೆದರಿಕೊಳ್ಳಲು ಪ್ರಯತ್ನಿಸುತ್ತಾ.