ಒಗೆಯೋ ಕಲ್ಲಿನ ಮೇಲೆ ಅಲೆ

ಹನುಮಸಾಗರದ ಒಂದು ಹಿತ್ತಿಲಲ್ಲಿ
ಆಯಿ ಬಟ್ಟೆ ಒಗೆಯೋ ಕಲ್ಲು.
ಕೆಂಪಗೆ, ತಂಪಗೆ, ಮೈತುಂಬ ಗೆರೆ,
ಹಣಿಗೆ ಹಿಡಿದು ಬಾಚಿದ ಹಾಗೆ.

"ಯಾರು ಬಾಚ್ಯಾರ ಆಯಿ, ಇದನ್ನ?"
ಕೇಳಿದಳು ಗಾಳೆಮ್ಮ, ಒಂದನೇ ಇಯತ್ತೆ.
"ನನಗೇನ್ ಗೊತ್ತವ್ವ? ಕೊಳೆ ಬಿಡತೈತಿ, ಸಾಕು.
ಮೌಲಾಸಾಬನ್ನ ಕೇಳು, ಗುಡ್ಡದಿಂದ ತಂದಾವ ಅವನೇ."

ಮೌಲಾಸಾಬನಿಗೆ ಚಾಣ ಇದೆ, ಸುತ್ತಿಗೆ ಇದೆ,
ಹುಬ್ಬಿನ ತುಂಬ ಕಲ್ಲಿನ ಧೂಳು.
ಕುಕ್ಕರಗಾಲಲ್ಲಿ ಕೂತ,
ಗೆರೆಯ ಮೇಲೆ ಬೆರಳಾಡಿಸಿದ:
"ನೀರು ಬಾಚೈತಿ."

ನೀರೇ! ಇಲ್ಲೇ!
ನಳ ಬರೋದೇ ಎಂಟು ದಿನಕ್ಕೊಮ್ಮೆ!

"ಒಂದು ಕಾಲಕ್ಕ ಇಲ್ಲಿ ಸಮುದ್ರ ಇತ್ತವ್ವ.
ಎಷ್ಟು ಹಿಂದ ಅಂದ್ರ, ಹಕ್ಕಿ ಇರಲಿಲ್ಲ,
ಮೀನ ಇರಲಿಲ್ಲ, ಹುಲ್ಲ ಇರಲಿಲ್ಲ,
ಸಮುದ್ರ ಅಂತ ಕರಿಯಾಕ ಒಂದು ಬಾಯಿ ಇರಲಿಲ್ಲ.

ಗುಡ್ಡ ಮಾತ್ರ ಇದ್ದವು, ಆಗಲೇ ಮುದುಕಾಗಿ.
ಹಗಲು ಕಾಯ್ದು, ರಾತ್ರಿ ಆರಿ, ಪಟ್ ಅಂತ ಬಿರಿದು,
ಮಳಿ ಬಂದಾಗ ಹಳ್ಳಕ್ಕ ಉರುಳಿ,
ಬಂಡೆ ಹೋಗಿ ಗುಂಡು, ಗುಂಡು ಹೋಗಿ ಹರಳು,
ಹರಳು ಹೋಗಿ ಮರಳು.
ಮರಳು ಸಮುದ್ರಕ್ಕ ಬಂದು, ದಣಿದು, ಮಲಗಿತು.

ಅದರ ಮ್ಯಾಲೆ ಮತ್ತೊಂದು ಪದರು. ಮತ್ತೊಂದು.
ಆಯಿ ಬುಟ್ಟ್ಯಾಗ ಒಟ್ಟಿದ ರೊಟ್ಟಿ ನೋಡು:
ತಳದ್ದು ಮಂಗಳವಾರದ್ದು, ಮ್ಯಾಲಿಂದು ಇವತ್ತಿಂದು.
ಭಾರ ಬಿದ್ದು ಬಿದ್ದು ತಳದ ಮರಳು
ಸಂದಿನ ನೀರು ಉಗುಳಿ ಬಿಗಿ ಆತು."

"ಮರಳಿಗೆ ಮರಳು ಅಂಟೋದು ಹೆಂಗ ಕಾಕಾ?"
"ಶೇಂಗಾ ಉಂಡಿ ಕಟ್ಟೋದು ಹೆಂಗ?"
"ಬೆಲ್ಲದ ಪಾಕ!"
"ಅಲ್ಲೂ ಪಾಕ ಇತ್ತು, ನೀರಾಗ ಕರಗಿದ ಕಲ್ಲಿನ ಪಾಕ.
ಸಿಹಿ ಇರಲಿಲ್ಲ, ಅಷ್ಟ."

"ಮತ್ತ ಈ ಗೆರಿ?"
"ಒಂದಿನ ಸಣ್ಣ ಅಲೆ ಬಂತು,
ಮರಳಿನ ಮ್ಯಾಲೆ ಹಿಂಗ ಬಾಚಿ ಹೋತು.
ಅಳಿಸೋದರಾಗ ಹೊಸ ಪದರು ಮೆತ್ತಗ ಮುಚ್ಚಿತು.
ನಿಮ್ಮಪ್ಪ ತೊಟ್ಟಿಲದಾಗ ಇದ್ದ ವರ್ಷ
ನಾ ಚಾಣ ಇಟ್ಟು ಟಕ್ ಅಂದೆ, ಪದರು ಎದ್ದಿತು.
ಆ ಅಲೆ ನೋಡಿದಾವ ನಾನೇ ಮೊದಲಿಗ."
ಸ್ವಲ್ಪ ಸುಮ್ಮನಾದ.
"ಅವತ್ತು ಮತ್ತ ಕೆಲಸ ಮಾಡಲಿಲ್ಲ ನಾನು."

ಗಾಳೆಮ್ಮ ಬಗ್ಗಿ ನೋಡಿದಳು:
ಅಂಚಿಗೆಲ್ಲ ಗೆರೆ ಇದೆ, ನಡುವೆ ಮಾತ್ರ ಇಲ್ಲ,
ನುಣ್ಣಗೆ ತಗ್ಗು ಬಿದ್ದಿದೆ.
"ಇಲ್ಲಿ ಯಾರು ಅಳಿಸ್ಯಾರ?"
ಮೌಲಾಸಾಬ ಆಯಿಯ ಕಡೆ ನೋಡಿ ನಕ್ಕ.
"ಗಾಳಿ, ಮಳಿ ಮಾಡೋ ಕೆಲಸಾನ
ನಿಮ್ಮಾಯಿ ಮಾಡ್ಯಾಳ, ಸೀರಿ ಹಿಡಿದು."

ಒದ್ದೆ ಅಂಗೈ ಒತ್ತಿ ತೆಗೆದಳು.
ನಾಲ್ಕು ಹರಳು ಅಂಟಿ ಬಂದವು, ಮಿಣಮಿಣ.
ಮತ್ತೆ ಮರಳು! ಅದೇ ಮರಳು, ಮರಳಿ!
ಬಚ್ಚಲ ಕಾಲುವೆಗೆ ಬಿಟ್ಟಳು: ಕಾಲುವೆ ಹಳ್ಳಕ್ಕೆ,
ಹಳ್ಳ ಹೊಳೆಗೆ, ಹೊಳೆ...
"ಸಮುದ್ರ ಮುಟ್ಟಾಕ ಎಷ್ಟು ದಿನ ಕಾಕಾ?"

"ಸರಿಯವ್ವ ಅತ್ಲಾಗ," ಅಂದಳು ಆಯಿ,
"ಇನ್ನೂ ಮೂರು ಸೀರಿ ಅದಾವ."
ಧಪ್! ಎಷ್ಟು ಹರಳು ಹೋದವೋ.
ಧಪ್! ಗಾಳೆಮ್ಮ ಬೆರಳು ಮಡಿಸಿ ಎಣಿಸುತ್ತಾಳೆ.
ಧಪ್!
ಲೆಕ್ಕ ತಪ್ಪಿತು.